ನಾನೂರು ಟ್ರೈಗಳ ಮೊಳಕೆ ಪರೀಕ್ಷೆ

ಮೊಳಕೆ ಭಾವನಿಗೆ ಈ ಜಗತ್ತಿನಲ್ಲಿ ಯಾರ ಮೇಲೂ ಹಗೆಯಿರಲಿಲ್ಲ. ಇದ್ದದ್ದು ಒಂದೇ ಒಂದು ಕ್ರಿಯಾಪದದ ಮೇಲೆ. ಇಂಗ್ಲಿಷಿನಿಂದ ಬರಿಗೈಯಲ್ಲಿ ಬಂದು, ನಮ್ಮ ‘ಮಾಡು’ವಿನ ಹೆಗಲ ಮೇಲೆ ಕೈಹಾಕಿಕೊಂಡು, ಮನೆಮನೆಯ ಫೋನಿನೊಳಗೆ ಕಾಲು ಚಾಚಿ ಮಲಗಿಬಿಟ್ಟಿರುವ ‘ಟ್ರೈ’ ಎಂಬುದೇ ಆ ಕ್ರಿಯಾಪದ.

ಅವರ ಕೆಲಸ ಬೀಜ ಪರೀಕ್ಷೆಯ ಪ್ರಯೋಗಾಲಯದಲ್ಲಿ. ಬಂದ ಚೀಲದಿಂದ ನೂರು ನೂರರಂತೆ ನಾಲ್ಕು ಸಲ ಬೀಜ ಎಣಿಸಬೇಕು, ಒದ್ದೆ ಕಾಗದದ ಮೇಲೆ ಸಾಲಾಗಿ ಇಡಬೇಕು, ಕಾಗದವನ್ನು ಸುರುಳಿ ಸುತ್ತಿ ಬೆಚ್ಚಗಿನ ಕಪಾಟಿನಲ್ಲಿ ನಿಲ್ಲಿಸಬೇಕು, ಎಂಟನೆಯ ದಿನ ಬಿಚ್ಚಿ ನಾನೂರರಲ್ಲಿ ಎಷ್ಟು ಮೊಳೆತವು ಎಂದು ಬರೆಯಬೇಕು. ಇಪ್ಪತ್ತಾರು ವರ್ಷಗಳಿಂದ ಇದನ್ನೇ ಮಾಡಿದ್ದರಿಂದ ಹೆಂಡತಿಯ ಕಡೆಯ ನೆಂಟರೆಲ್ಲ ಅವರನ್ನು ‘ಮೊಳಕೆ ಭಾವ’ ಎಂದೇ ಕರೆಯುತ್ತಿದ್ದರು. ಜೊತೆಯಲ್ಲೇ ಇದ್ದ ಅತ್ತೆ ಮಾತ್ರ ‘ಅಳಿಯಂದಿರು’ ಎನ್ನುತ್ತಿದ್ದರು. ಹೆಂಡತಿ ಏನೆಂದು ಕರೆಯುತ್ತಿದ್ದಳು ಎಂಬುದು ಆಯಾ ದಿನದ ಹವಾಮಾನಕ್ಕೆ ಬಿಟ್ಟದ್ದು.

‘ಟ್ರೈ’ಯ ಮೇಲಿನ ಹಗೆ ಹುಟ್ಟಿದ್ದು ಐದು ವರ್ಷದ ಹಿಂದೆ, ಅತ್ತೆಯ ಎಪ್ಪತ್ತನೆಯ ಹುಟ್ಟುಹಬ್ಬದ ದಿನ. ಫೋನಿನಲ್ಲಿ ‘ಬಳಗ’ ಎಂಬ ಗುಂಪಿತ್ತು. ಊಟಕ್ಕೆ ಬನ್ನಿ ಎಂದು ಅದರಲ್ಲಿ ಬರೆದಾಗ ಎಲ್ಲರೂ ‘ಬರೋಕೆ ಟ್ರೈ ಮಾಡ್ತೀವಿ’ ಎಂದು ಉತ್ತರ ಬರೆದಿದ್ದರು. ಅದನ್ನು ನಂಬಿ ನಲವತ್ತು ಜನಕ್ಕೆ ಅಡುಗೆ ಹೇಳಿ, ನಲವತ್ತು ಕುರ್ಚಿ ಬಾಡಿಗೆಗೆ ತಂದು ಹಾಕಿದ್ದಾಯಿತು. ಬಂದವರು ಒಂಬತ್ತು ಮಂದಿ. ಮಿಕ್ಕ ಅಡುಗೆಯನ್ನು ಮನೆಯ ಮೂವರೂ ನಾಲ್ಕು ದಿನ ಉಂಡದ್ದು ದೊಡ್ಡ ಸಂಗತಿಯಲ್ಲ. ಮೊಳಕೆ ಭಾವ ಮರೆಯಲಾರದೆ ಹೋದದ್ದು ಬೇರೆ. ಮಧ್ಯಾಹ್ನ ಮೂರು ಗಂಟೆಗೆ ಅತ್ತೆ ತಾವೇ ಎದ್ದು, ಯಾರೂ ಕೂರದ ಮೂವತ್ತೊಂದು ಕುರ್ಚಿಗಳನ್ನು ಒಂದೊಂದಾಗಿ ಮಡಚಿ ಗೋಡೆಗೆ ಒರಗಿಸುತ್ತಾ, “ಪಾಪ, ಅವರಿಗೆ ಏನೇನು ಕೆಲಸವೋ” ಎಂದಿದ್ದರು. ಆಗ ಹೆಂಡತಿ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದರೆ ಅದು ಕಡತಕ್ಕೆ ಹೋಯಿತು ಎಂದರ್ಥ.

ಈಗ ಎಪ್ಪತ್ತೈದನೆಯದು ಬಂತು. ಈ ಸಲ ಅತ್ತೆಯ ಕಣ್ಣೆದುರು ಒಂದೇ ಒಂದು ಖಾಲಿ ಕುರ್ಚಿಯೂ ಇರಕೂಡದು ಎಂದು ಮೊಳಕೆ ಭಾವ ಪಣ ತೊಟ್ಟರು. ಬಳಗದಲ್ಲಿ ಮನೆಯ ಮೂವರನ್ನು ಬಿಟ್ಟು ನಲವತ್ತೆರಡು ಜನ. ಭಾನುವಾರ ಮಧ್ಯಾಹ್ನದ ಊಟಕ್ಕೆ ಕರೆದದ್ದಕ್ಕೆ ಮೂವರು ‘ಬರ್ತೀವಿ’ ಎಂದು ಬರೆದರು. ಮೂವತ್ತೊಂಬತ್ತು ಜನ ‘ಟ್ರೈ ಮಾಡ್ತೀವಿ’ ಎಂದು ಬರೆದರು.

“ಎಷ್ಟು ಜನಕ್ಕೆ ಹೇಳೋಣ?” ಎಂದು ಹೆಂಡತಿ ಕೇಳಿದಳು.

ಆ ಪ್ರಶ್ನೆಯೇ ಅವರ ತಲೆಯಲ್ಲಿ ದೀಪ ಹಚ್ಚಿತು. ನೋಡಿದರೆ ಎಲ್ಲ ಬೀಜವೂ ಒಂದೇ ಥರ ದುಂಡಗೆ, ನುಣ್ಣಗೆ ಇರುತ್ತದೆ. ಯಾವುದು ಮೊಳೆಯುತ್ತದೆ ಎಂದು ಕಣ್ಣಿನಿಂದ ಹೇಳಲಾಗದು. ಅದಕ್ಕೇ ಪರೀಕ್ಷೆ. ‘ಟ್ರೈ’ಯೂ ಹಾಗೆಯೇ ಅಲ್ಲವೇ? ಯಾರೂ ಇದುವರೆಗೆ ಪರೀಕ್ಷಿಸಿಲ್ಲ, ಅಷ್ಟೇ.

ಎರಡು ರಜಾದಿನ ಕೂತು ಅವರು ಬಳಗದ ಹಳೆಯ ಬರಹಗಳನ್ನೆಲ್ಲ ಹಿಂದಕ್ಕೆ ಓದಿಕೊಂಡು ಹೋದರು. ಸರಿಯಾಗಿ ನಾನೂರು ‘ಟ್ರೈ’ ಸಿಕ್ಕಿದ ಕೂಡಲೇ ನಿಲ್ಲಿಸಿದರು. (ನಾನೂರ ಒಂದನೆಯದು ಕಣ್ಣಿಗೆ ಬಿದ್ದಿತ್ತು. ನಿಯಮ ನಿಯಮವೇ ಎಂದು ಕಣ್ಣು ಮುಚ್ಚಿಕೊಂಡರು.) ಒಂದೊಂದು ‘ಟ್ರೈ’ಗೂ ಮುಂದೇನಾಯಿತು ಎಂದು ಹೆಂಡತಿಯನ್ನು ಕೇಳಿ ಕೇಳಿ ಬರೆದುಕೊಂಡರು. ಅವಳ ನೆನಪಿನ ಶಕ್ತಿಯ ಮುಂದೆ ಅವರ ಪ್ರಯೋಗಾಲಯದ ದಾಖಲೆಗಳು ಏನೇನೂ ಅಲ್ಲ.

ಊಟದ ಮೇಜಿನ ಮೇಲೆ ಫಲಿತಾಂಶ ಪ್ರಕಟವಾಯಿತು. ಹೇಳಿದಂತೆ ಬಂದವರು, ಅಂದರೆ ಚೆನ್ನಾಗಿ ಮೊಳೆತದ್ದು, ಮೂವತ್ತಾರು. ವಕ್ರ ಮೊಳಕೆ ಇಪ್ಪತ್ತೆಂಟು (ಬಂದರೇನೋ ಬಂದರು, ಪಾತ್ರೆ ತೊಳೆದಾದ ಮೇಲೆ). ಸತ್ತ ಬೀಜ ಅರವತ್ನಾಲ್ಕು (ಮರುದಿನ ‘ಸಾರಿ, ಆಗಲಿಲ್ಲ’ ಎಂದು ಪ್ರಾಮಾಣಿಕವಾಗಿ ಬರೆದವರು). ಉಳಿದ ಇನ್ನೂರ ಎಪ್ಪತ್ತೆರಡೂ ಗಟ್ಟಿ ಬೀಜ. ಇವರು ಬರಲೂ ಇಲ್ಲ, ಬರಲಾಗಲಿಲ್ಲ ಎನ್ನಲೂ ಇಲ್ಲ, ಅಂದದ್ದು ನೆನಪಿರುವ ಲಕ್ಷಣವೂ ಇಲ್ಲ. ಕಲ್ಲಿನ ಹಾಗೆ ಹಾಗೇ ಇದ್ದುಬಿಟ್ಟವರು.

ಇನ್ನೊಂದು ಸೂಕ್ಷ್ಮ ಸತ್ಯವೂ ಅವರಿಗೆ ಹೊಳೆದಿತ್ತು. ಬರೀ ‘ಟ್ರೈ’ ಎಂದವರಲ್ಲಿ ನೂರಕ್ಕೆ ಹನ್ನೆರಡು ಜನವಾದರೂ ಮೊಳೆಯುತ್ತಿದ್ದರು. ‘ಖಂಡಿತ ಟ್ರೈ’ ಎಂದರೆ ಅದು ನಾಲ್ಕಕ್ಕೆ ಇಳಿಯುತ್ತಿತ್ತು. ‘ಲೆವೆಲ್ ಬೆಸ್ಟ್ ಟ್ರೈ’ ಎಂದು ಹತ್ತೊಂಬತ್ತು ಸಲ ಬರೆಯಲಾಗಿತ್ತು, ಮೊಳಕೆ ಸೊನ್ನೆ. ಗೊಬ್ಬರ ಹೆಚ್ಚಾದಷ್ಟೂ ಬೆಳೆ ಕಡಿಮೆ. ಕನ್ನಡದಲ್ಲಿ ‘ಪ್ರಯತ್ನ’ ಎಂಬ ಒಳ್ಳೆಯ ಪದವಿದೆಯಲ್ಲ, ಅದನ್ನು ಯಾರೂ ಒಂದು ಸಲವೂ ಬಳಸಿರಲಿಲ್ಲ. ಮೊಳಕೆ ಭಾವನ ಅಭಿಪ್ರಾಯದಲ್ಲಿ ಕಾರಣ ಸರಳ. ಪ್ರಯತ್ನಪಡಬೇಕಾದರೆ ಒಂದಿಷ್ಟು ಬೆವರಬೇಕು, ಟ್ರೈ ಮಾಡಲು ಸೋಫಾದಿಂದ ಏಳಬೇಕಾಗಿಯೇ ಇಲ್ಲ.

ಅತ್ತೆ ಕನ್ನಡಕ ಒರೆಸಿಕೊಳ್ಳುತ್ತಾ ಎಲ್ಲ ಕೇಳಿಸಿಕೊಂಡರು. ಆ ಗಟ್ಟಿ ಬೀಜ ಇನ್ನು ಯಾವತ್ತೂ ಮೊಳೆಯುವುದೇ ಇಲ್ಲವೇ ಎಂದು ಕೇಳಿದರು. ಮೊಳಕೆ ಭಾವನಿಗೆ ಕೆಲಸದ ಬಗ್ಗೆ ಯಾರಾದರೂ ಪ್ರಶ್ನೆ ಕೇಳಿದರೆ ಮುಖ ಅರಳುತ್ತಿತ್ತು. ಸತ್ತಿಲ್ಲ, ಅದರ ಸಿಪ್ಪೆ ದಪ್ಪ, ನೀರು ಒಳಗೆ ಇಳಿಯುವುದಿಲ್ಲ, ಅಷ್ಟೇ ಎಂದು ವಿವರಿಸಿದರು. ಉಪ್ಪುಕಾಗದದಲ್ಲಿ ಉಜ್ಜಿಯೋ ಬ್ಲೇಡಿನಿಂದಲೋ ಸಿಪ್ಪೆಗೆ ಒಂದು ಗೀರು ಹಾಕಿದರೆ ಎರಡೇ ದಿನದಲ್ಲಿ ದಬದಬನೆ ಮೊಳೆಯುತ್ತವೆ.

“ಸರಿ, ಎಷ್ಟು ಜನಕ್ಕೆ ಹೇಳೋಣ?” ಹೆಂಡತಿ ಕೇಳಿದ್ದನ್ನೇ ಕೇಳಿದಳು.

“ಮೊಳಕೆ, ವಕ್ರ ಮೊಳಕೆ ಎರಡೂ ಸೇರಿದ್ರೆ ನೂರಕ್ಕೆ ಹದಿನಾರು. ಮೂವತ್ತೊಂಬತ್ತು ಟ್ರೈಗೆ ಆರು ಪಾಯಿಂಟ್ ಎರಡು ನಾಲ್ಕು ಜನ ಬರ್ತಾರೆ.”

“ಆ ಪಾಯಿಂಟ್ ಎರಡು ನಾಲ್ಕು ಯಾರು? ಕುಳ್ಳ ಮಾವನಾ?”

ಮೊಳಕೆ ಭಾವ ಅದನ್ನು ಕೇಳಿಸಿಕೊಳ್ಳಲಿಲ್ಲ. ಆ ಆರು, ‘ಬರ್ತೀವಿ’ ಎಂದ ಮೂವರು, ಮನೆಯ ಮೂವರು, ಒಟ್ಟು ಹನ್ನೆರಡು. ಎಚ್ಚರಿಕೆಗೆ ಇನ್ನೆರಡು. ಹದಿನಾಲ್ಕು ಊಟ, ಹದಿನಾಲ್ಕು ಕುರ್ಚಿ. ಸಾಮಾನಿನ ಕೋಣೆಯಲ್ಲಿ ಅತ್ತೆಯ ಹಳೆಯ ಮರದ ಕುರ್ಚಿ ಒಂದಿತ್ತು. ಹಿಂದಿನ ಎಡಗಾಲು ಸಡಿಲವಾಗಿದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

“ಜನ ಅಂದ್ರೆ ಬಟಾಣಿ ಅಲ್ಲ ಕಣ್ರೀ,” ಎಂದಳು ಹೆಂಡತಿ. “ಒಬ್ಬರು ಹೆಚ್ಚಿಗೆ ಬಂದ್ರೂ ಅಮ್ಮನ ಮುಂದೆ ನನ್ನ ಮಾನ ಹೋಗುತ್ತೆ.”

“ಹದಿನೈದನೆಯವರು ಬಂದ್ರೆ ನನ್ನ ಕುರ್ಚಿ ಬಿಟ್ಟುಕೊಡ್ತೀನಿ,” ಎಂದರು ಮೊಳಕೆ ಭಾವ, ಸಿಂಹಾಸನ ತ್ಯಾಗ ಮಾಡುವ ಚಕ್ರವರ್ತಿಯ ಗತ್ತಿನಲ್ಲಿ.

ಪಟ್ಟಿಯನ್ನು ಅವರು ಅಚ್ಚುಕಟ್ಟಾಗಿ ಟೈಪು ಮಾಡಿದ್ದರು. ಒಬ್ಬೊಬ್ಬರಿಗೆ ಒಂದು ಸಾಲು, ಎಷ್ಟು ಟ್ರೈ, ಎಷ್ಟು ಮೊಳಕೆ, ಕೊನೆಯಲ್ಲಿ ಷರಾ. ಹೆಂಡತಿಯ ತಮ್ಮ ಹಲ್ಲಿನ ಡಾಕ್ಟರು. ಅವನ ಸಾಲಿನಲ್ಲಿ ಟ್ರೈ ನಲವತ್ತೇಳು, ಮೊಳಕೆ ಸೊನ್ನೆ, ಷರಾ: ‘ಗಟ್ಟಿ ಬೀಜ. ಕಲ್ಲು ಎಂದರೂ ನಡೆದೀತು’. ಅತ್ತೆಯ ತಂಗಿ, ನಿವೃತ್ತ ಮುಖ್ಯೋಪಾಧ್ಯಾಯಿನಿ. ಅವರದ್ದು ‘ವಕ್ರ ಮೊಳಕೆ. ಮರುದಿನ ಬರುವ ಜಾತಿ’. ಬಸ್ ಡಿಪೋದಲ್ಲಿ ಬಸ್ಸುಗಳ ವೇಳೆ ಬರೆದುಕೊಳ್ಳುವ ಕೆಲಸದ ಷಡ್ಡಕನೇ ಹತ್ತೊಂಬತ್ತೂ ‘ಲೆವೆಲ್ ಬೆಸ್ಟ್’ಗಳ ಕರ್ತೃ. ‘ಬಿತ್ತನೆಗೆ ಯೋಗ್ಯವಲ್ಲ’ ಎಂಬ ಶಾಸನವನ್ನು ಅವನ ಮುಂದೆ ಕೆತ್ತಲಾಗಿತ್ತು.

ಗುರುವಾರ ಬೆಳಿಗ್ಗೆ ಅಡುಗೆಯವರಿಗೆ ‘ಹದಿನಾಲ್ಕು ಊಟ’ ಎಂದು ಬರೆದರು. ಅವರು ‘ಮನೆಗೆ ಮೂರು ಕಾರು ನಿಲ್ಲೋ ಜಾಗ ಇದೆ, ಹದಿನಾಲ್ಕೇ ಜನಾನಾ?’ ಎಂದು ಸಂಶಯಪಟ್ಟರು. ಸಂಶಯಕ್ಕೆ ಆಧಾರ ಒದಗಿಸುವುದು ಮೊಳಕೆ ಭಾವನ ಧರ್ಮ. ಪಟ್ಟಿಯನ್ನೇ ಲಗತ್ತಿಸಿ, ‘ದಯವಿಟ್ಟು ಷರಾ ಕಾಲಂ ಗಮನಿಸಿ’ ಎಂದು ಬರೆದು ಕಳಿಸಿ, ಫೋನನ್ನು ಪೆಟ್ಟಿಗೆಯೊಳಗಿಟ್ಟು ಎಣಿಕೆ ಕೋಣೆಗೆ ಹೋದರು. ಬೀಜ ಎಣಿಸುವ ಕಡೆ ಫೋನು ತರುವಂತಿಲ್ಲ.

ಅವರ ಫೋನಿನಲ್ಲಿ ಅಡುಗೆಯವರ ಹೆಸರು ‘ಬಾಣಸಿಗ’ ಎಂದಿತ್ತು. ಅಕಾರಾದಿಯಾಗಿ ಅದಕ್ಕಿಂತ ಸರಿಯಾಗಿ ಒಂದು ಸಾಲು ಮೇಲೆ ‘ಬಳಗ’ ಇತ್ತು.

ಮಧ್ಯಾಹ್ನ ಕೈತೊಳೆದುಕೊಂಡು ಬಂದು ನೋಡಿದಾಗ ನಲವತ್ತನಾಲ್ಕು ಜನರೂ ಅದನ್ನು ನೋಡಿಯಾಗಿತ್ತು. ಬೆಳಗಾದರೆ ಹೂವು, ಸಂಜೆಯಾದರೆ ಸುಭಾಷಿತ ಹಂಚುತ್ತಿದ್ದ ಗುಂಪಿನಲ್ಲಿ ಒಂದು ಅಕ್ಷರದ ಉತ್ತರವಿಲ್ಲ. ಮೊಳಕೆ ಭಾವ ಮೇಲಿದ್ದ ಹೆಸರನ್ನು ಮತ್ತೆ ಓದಿದರು: ‘ಬಾಣಸಿಗ’ ಅಲ್ಲ, ‘ಬಳಗ’. ಆಮೇಲೆ ವಿಜ್ಞಾನ ಕೈಹಿಡಿಯಿತು. ಬಳಗದಲ್ಲಿ ಲಗತ್ತಿಸಿದ ಯಾವ ಕಾಗದವನ್ನೂ ಇದುವರೆಗೆ ಯಾರೂ ಬಿಚ್ಚಿ ಓದಿದ ದಾಖಲೆಯಿಲ್ಲ. ಆದ್ದರಿಂದ ಇದನ್ನೂ ಓದಿರಲಾರರು. ಸಾಧಿಸಿದ್ದಾಯಿತು.

ಮನೆಗೆ ಬಂದಾಗ ಹೆಂಡತಿ ಒಂದೇ ಒಂದು ಮಾತು ಕೇಳಿದಳು.

“ಎಲ್ಲರ ಸಾಲೂ ಇದೆ. ನಿಮ್ಮದೆಲ್ಲಿ?”

ಎಣಿಸುವವನನ್ನು ಎಣಿಕೆಯೊಳಗೆ ಸೇರಿಸುವ ಪದ್ಧತಿಯಿಲ್ಲ ಎಂದು ಅವರು ಸಮಾಧಾನವಾಗಿ ತಿಳಿಸಿದರು. ಅವಳು “ಹಾಗಾ” ಎಂದು ಒಳಗೆ ಹೋದಳು. ಮತ್ತೆ ಕಡತ ತೆರೆಯಿತು ಎಂಬುದು ಅವರಿಗೆ ಹೊಳೆಯಲಿಲ್ಲ.

ಭಾನುವಾರ ಹನ್ನೊಂದೂವರೆಗೆ ಕರೆಗಂಟೆ ಬಾರಿಸಿತು. ಊಟ ಒಂದು ಗಂಟೆಗೆ. ಬಾಗಿಲು ತೆಗೆದರೆ ಹಲ್ಲಿನ ಡಾಕ್ಟರು, ಅವನ ಹೆಂಡತಿ, ಮಗ. ಡಾಕ್ಟರ ಕೈಯಲ್ಲಿ ಪಟ್ಟಿಯ ಮುದ್ರಿತ ಪ್ರತಿ, ಅದರಲ್ಲಿ ಅವನ ಸಾಲಿಗೆ ಹಳದಿ ಬಣ್ಣ ಬಳಿದಿತ್ತು.

“ಭಾವ, ನಾನು ಮೊಳೆತಿದೀನಿ,” ಎಂದ ಅವನು, ಪೆನ್ನು ಮುಂದೆ ಚಾಚಿ. “ಗುರುತು ಹಾಕ್ಕೊಂಡು ಸಹಿ ಮಾಡಿ.”

ಅವನ ಹಿಂದೆಯೇ ಮುಖ್ಯೋಪಾಧ್ಯಾಯಿನಿ ಚಿಕ್ಕತ್ತೆ ಬಂದರು. ಜನ್ಮದಲ್ಲಿ ಮೊದಲ ಬಾರಿಗೆ ಹೇಳಿದ ದಿನವೇ ಬಂದದ್ದರಿಂದ ಅವರ ನಡಿಗೆಯಲ್ಲೇ ಒಂದು ಠೀವಿಯಿತ್ತು. ಪಟ್ಟಿಯ ಷರಾಗಳಲ್ಲಿ ವಿನಯದ ಅಭಾವ ಕಾಣುತ್ತದೆಂದು ಹೇಳಿ, ಹತ್ತಕ್ಕೆ ಮೂರೂವರೆ ಅಂಕ ಕೊಟ್ಟರು. ಷಡ್ಡಕ ಬಾಗಿಲಲ್ಲೇ ನಿಂತು ಗಡಿಯಾರ ನೋಡಿ, ಬಂದ ವೇಳೆಯನ್ನು ತನ್ನ ಡಿಪೋದ ಚೀಟಿಯಲ್ಲಿ ಬರೆದು, ಹರಿದು, ಮೊಳಕೆ ಭಾವನ ಜೇಬಿಗೆ ತುರುಕಿದ. ಆಮೇಲೆ ಬಾಗಿಲು ಮುಚ್ಚುವ ಪ್ರಶ್ನೆಯೇ ಬರಲಿಲ್ಲ. ಮೂವರು, ಐವರು, ಒಂದು ವ್ಯಾನಿನ ತುಂಬ ಒಂಬತ್ತು ಮಂದಿ. ಕುಳ್ಳ ಮಾವ ಬಂದು, ತಾನು ಪಾಯಿಂಟ್ ಎರಡು ನಾಲ್ಕು ಅಲ್ಲ, ಪೂರ್ತಿ ಒಂದು ಎಂದು ಬರೆಸಿಕೊಂಡರು. (ಅದು ಅವರಿಗೆ ಹೇಗೆ ತಿಳಿಯಿತು ಎಂದು ಮೊಳಕೆ ಭಾವ ಹೆಂಡತಿಯ ಕಡೆ ನೋಡಿದರು. ಅವಳು ಕಿಟಕಿಯ ಕಡೆ ನೋಡಿದಳು.)

ಒಂದು ಗಂಟೆಗೆ ಮನೆಯಲ್ಲಿ ನಲವತ್ತೈದು ಜನ, ಹದಿನಾಲ್ಕು ಕುರ್ಚಿ. ಮೊಳಕೆ ಭಾವ ಗೋಡೆಗೆ ಒರಗಿ ನಿಂತರು. ಐದು ವರ್ಷದ ಗಟ್ಟಿ ಬೀಜಗಳೆಲ್ಲ ಮೂರೇ ದಿನದಲ್ಲಿ ದಬದಬನೆ ಮೊಳೆತು ನಿಂತಿದ್ದವು. ಅಷ್ಟೂ ಜನರ ಸಿಪ್ಪೆಗೆ ಗೀರು ಹಾಕಿದ್ದು ತನ್ನದೇ ಷರಾ ಕಾಲಂ ಎಂಬುದು ಅವರಿಗೆ ಈಗ ಅರ್ಥವಾಯಿತು. ಇಪ್ಪತ್ತಾರು ವರ್ಷದ ಅನುಭವವಿದ್ದ ಪರೀಕ್ಷಕ, ಪರೀಕ್ಷೆಯ ವರದಿಯನ್ನು ಬೀಜಗಳಿಗೇ ಓದಲು ಕೊಟ್ಟಿದ್ದರು.

ಜನ ಮೆಟ್ಟಿಲ ಮೇಲೆ, ಕಿಟಕಿಯ ಕಟ್ಟೆಯ ಮೇಲೆ, ಚಪ್ಪಲಿ ಕಪಾಟಿನ ಮೇಲೆ, ಬೋರಲು ಹಾಕಿದ ಬಕೆಟ್ಟುಗಳ ಮೇಲೆ ಕೂತರು. ಹದಿನಾಲ್ಕು ಊಟವನ್ನು ನಲವತ್ತೈದು ತಟ್ಟೆಗೆ ಹಂಚಬೇಕಾಗಿತ್ತು. ಆ ಕೆಲಸವನ್ನು ಮಾತ್ರ ಮೊಳಕೆ ಭಾವನಷ್ಟು ನಿಖರವಾಗಿ ಇನ್ಯಾರೂ ಮಾಡಲಾರರು. ಕೇಕನ್ನು ಅಡಿಕೋಲಿಟ್ಟು ಅಳೆದು, ಉದ್ದಕ್ಕೆ ಒಂಬತ್ತು ಅಡ್ಡಕ್ಕೆ ಐದು ಎಂದು ಕತ್ತರಿಸಿದರು. ಒಬ್ಬೊಬ್ಬರಿಗೆ ಬೆಂಕಿಪೊಟ್ಟಣದಷ್ಟು ಬಂತು. ಯಾರಿಗೂ ಒಂದು ಚೂರು ಹೆಚ್ಚಿಲ್ಲ, ಒಂದು ಚೂರು ಕಡಿಮೆಯಿಲ್ಲ. ಎಲ್ಲರೂ ಹಸಿದುಕೊಂಡೇ ಸಮಾನರಾಗಿದ್ದರು.

ಹೆಂಡತಿಯ ಮುಖ ಕೆಂಪಾಗಿತ್ತು. ಆದರೆ ಅತ್ತೆ ಸೋಫಾದ ನಡುವೆ, ಎರಡೂ ಬದಿಯಿಂದ ಒತ್ತರಿಸಿಕೊಂಡು ಕೂತು, ಕೋಣೆಯನ್ನೆಲ್ಲ ಒಂದು ಸುತ್ತು ನೋಡಿದರು. ಮಗಳನ್ನು ಹತ್ತಿರ ಕರೆದರು.

“ಇವತ್ತು ಮಡಚೋಕೆ ಒಂದು ಕುರ್ಚಿನೂ ಇಲ್ವಲ್ಲೇ,” ಎಂದರು.

ಹೆಂಡತಿ ಗಂಡನ ಕಡೆ ತಿರುಗಿದಾಗ ಅವಳ ಮುಖದ ಕೆಂಪು ಇಳಿದಿತ್ತು. ಮೊಳಕೆ ಭಾವನ ಎದೆಯೊಳಗೆ ಏನೋ ಬೆಚ್ಚಗಾಯಿತು. ಇಲ್ಲಿಗೇ ನಿಲ್ಲಿಸಿದ್ದರೆ ಅವರ ಮಾನ ಉಳಿಯುತ್ತಿತ್ತು. ಆದರೆ ಅವರು ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ, ಈ ಪಟ್ಟಿಯಿಂದಾದರೂ ಇನ್ನು ಮುಂದೆ ಮಾಡುವುದಾದರೆ ಮಾಡುತ್ತೇನೆ ಎಂದು ಬರೆಯಿರಿ, ಇಲ್ಲದಿದ್ದರೆ ಇಲ್ಲ ಎನ್ನಿ, ಟ್ರೈ ಎಂಬುದು ಬೆನ್ನೆಲುಬಿಲ್ಲದವರ ಕ್ರಿಯಾಪದ ಎಂದು ಸಣ್ಣದೊಂದು ಭಾಷಣ ಮಾಡಿದರು.

ಹೆಂಡತಿ ಫೋನು ಕೈಗೆತ್ತಿಕೊಂಡಳು.

“ಪಟ್ಟಿಯಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು, ನಾನು ಸೇರಿಸಿದೀನಿ,” ಎಂದು ಓದತೊಡಗಿದಳು. ಸಂಗತಿ ಇಷ್ಟು. ಅತ್ತೆ ಎಪ್ಪತ್ತೆರಡರಲ್ಲಿ ಫೋನಿನಲ್ಲಿ ಬರೆಯಲು ಕಲಿತ ಮೇಲೆ ಬಳಗದಲ್ಲಿ ಮೊದಲು ಬರೆದದ್ದೇ ‘ಅಳಿಯಂದಿರೇ, ನನ್ನ ಕುರ್ಚಿಯ ಕಾಲು ಒಂಚೂರು ನೋಡಿ’ ಎಂದು. ಉತ್ತರ, ‘ಟ್ರೈ ಮಾಡ್ತೀನಿ ಅತ್ತೆ’. ಮುಂದಿನ ತಿಂಗಳು, ‘ಈ ವಾರ ಟ್ರೈ ಮಾಡ್ತೀನಿ ಅತ್ತೆ’. ಆಮೇಲೆ ‘ಖಂಡಿತ ಟ್ರೈ’. ಮೂರು ವರ್ಷದಲ್ಲಿ ಕುರ್ಚಿಯೊಂದಕ್ಕೇ ಟ್ರೈ ಇಪ್ಪತ್ತಮೂರು. ಮೊಳಕೆ ಸೊನ್ನೆ.

ಕೋಣೆಯಲ್ಲಿ ನಲವತ್ತನಾಲ್ಕು ಮುಖಗಳು ನಿಧಾನವಾಗಿ ಅರಳಿದವು. ಷಡ್ಡಕ ಎದ್ದು ಸಾಮಾನಿನ ಕೋಣೆಗೆ ಹೋಗಿ, ಆ ಮರದ ಕುರ್ಚಿಯನ್ನೇ ಎರಡು ಕೈಯಲ್ಲಿ ಎತ್ತಿಕೊಂಡು ಬಂದು, ನಟ್ಟನಡುವೆ ಇಟ್ಟು, ಧೂಳು ಒರೆಸಿ, “ನಿಂತು ನಿಂತು ಸಾಕಾಗಿರುತ್ತೆ ಭಾವ, ಕೂತ್ಕೊಳ್ಳಿ,” ಎಂದ.

ಮೊಳಕೆ ಭಾವನಿಗೆ ಹಿಂದಿನ ಎಡಗಾಲಿನ ಇತಿಹಾಸ ಚೆನ್ನಾಗಿ ಗೊತ್ತಿತ್ತು. ಆದರೆ ಕೂರುವುದಿಲ್ಲ ಎಂದರೆ ತಪ್ಪೊಪ್ಪಿಕೊಂಡ ಹಾಗೆ. ತಟ್ಟೆಯನ್ನು ಎದೆಗೆ ಹಿಡಿದು, ದೇಹದ ಮುಕ್ಕಾಲು ಭಾರವನ್ನು ಸ್ವಂತ ಮಂಡಿಗಳ ಮೇಲೆಯೇ ಇರಿಸಿಕೊಂಡು, ಹಕ್ಕಿ ತಂತಿಯ ಮೇಲೆ ಕೂರುವಂತೆ ಕೂತರು. ಕುರ್ಚಿ ತಡೆದುಕೊಂಡಿತು. ಎಲ್ಲರೂ ಉಸಿರು ಬಿಗಿಹಿಡಿದರು. ಮೊಳಕೆ ಭಾವ ಗೆದ್ದವರಂತೆ ನಕ್ಕು, ಕೇಕಿನ ತುಂಡಿಗೆ ಕೈ ಹಾಕಲು ತುಸು ಎಡಕ್ಕೆ ವಾಲಿದರು.

ಮೂರು ವರ್ಷ ಕಾದಿದ್ದ ಕಾಲು ಇನ್ನು ಕಾಯಲಿಲ್ಲ.

ಅವರು ನೆಲದ ಮೇಲೆ ಅಂಗಾತ, ಕೇಕು ಅಂಗಿಯ ಮೇಲೆ, ಕುರ್ಚಿಯ ಕಾಲು ಚಿಕ್ಕತ್ತೆಯ ಪಾದದ ಬಳಿ. ಮೊಳೆಯೊಂದು ತಗುಲಿ ಮೊಣಕೈ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಎದ್ದಿತ್ತು. ಹೆಂಡತಿ ಬಾಗಿ, ಹೆಚ್ಚೇನೂ ಆಗಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ಷರಾ ಕಾಲಮಿನಲ್ಲಿ ಏನು ಬರೆಯಲಿ ಎಂದು ಕೇಳಿದಳು. ಬಿದ್ದಲ್ಲಿಂದಲೇ ಮೊಳಕೆ ಭಾವ ಯೋಚಿಸಿದರು. ಎಂಥ ಹೊತ್ತಿನಲ್ಲೂ ಅವರು ಸುಳ್ಳು ಫಲಿತಾಂಶ ಬರೆಸಿದವರಲ್ಲ.

“ಸತ್ತ ಬೀಜ ಅಂತ ಬರಿ,” ಎಂದರು.

ಅತ್ತೆ ಒಪ್ಪಲಿಲ್ಲ. ಕನ್ನಡಕ ಏರಿಸಿ ಅಳಿಯನ ಮೊಣಕೈಯನ್ನು ಪರೀಕ್ಷಿಸಿದರು.

“ಸತ್ತಿಲ್ಲ, ಗಟ್ಟಿ ಬೀಜ. ಈಗ ಗೀರು ಬಿದ್ದಿದೆಯಲ್ಲ. ಎರಡು ದಿನದಲ್ಲಿ ಮೊಳೀತಾರೆ ಬಿಡು.”

ಎರಡು ದಿನವೂ ಬೇಕಾಗಲಿಲ್ಲ. ಅಂದು ಸಂಜೆಯೇ ಮೊಳಕೆ ಭಾವ, ಸಾಲು ಸರಿಯಾಗಿದೆಯೇ ಎಂದು ಎರಡು ಸಲ ನೋಡಿಕೊಂಡು, ಬಳಗದಲ್ಲಿ ಬರೆದರು: ‘ನಾಳೆ ರಜೆ ಹಾಕಿದ್ದೇನೆ. ಬೆಳಿಗ್ಗೆ ಒಂಬತ್ತಕ್ಕೆ ಅತ್ತೆಯ ಕುರ್ಚಿ ರಿಪೇರಿ ಮಾಡುತ್ತೇನೆ.’ ಎಲ್ಲೂ ಟ್ರೈ ಇಲ್ಲ. ಎರಡು ನಿಮಿಷದಲ್ಲಿ ಹಲ್ಲಿನ ಡಾಕ್ಟರ ಉತ್ತರ ಬಂತು: ‘ನೋಡೋಕೆ ಬರೋಕೆ ಟ್ರೈ ಮಾಡ್ತೀವಿ ಭಾವ.’ ಚಿಕ್ಕತ್ತೆಯೂ ಟ್ರೈ. ಷಡ್ಡಕ ಲೆವೆಲ್ ಬೆಸ್ಟ್ ಟ್ರೈ. ಹೀಗೆ ಒಂದರ ಹಿಂದೊಂದು ನಲವತ್ತೆರಡೂ ಬಂದವು.

ಶೇಕಡಾ ಹದಿನಾರು ಎಂದು ಅವರ ಬೆರಳು ಲೆಕ್ಕ ಶುರುಮಾಡಿತ್ತು, ಅಲ್ಲೇ ನಿಂತಿತು. ಮೊಣಕೈ ಉರಿಯುತ್ತಿತ್ತು. ಒಮ್ಮೆ ಗೀರು ಬಿದ್ದ ಬೀಜಕ್ಕೆ ಹಳೆಯ ಲೆಕ್ಕ ಅನ್ವಯಿಸುವುದಿಲ್ಲ ಎಂಬುದು ವಿಜ್ಞಾನದ ಪ್ರಾಥಮಿಕ ಪಾಠ. ಅವರು ಒಂದು ಸಾಲು ಕೆಳಗಿಳಿದು ಬಾಣಸಿಗನಿಗೆ ಬರೆದರು: ‘ನಾಳೆ ಬೆಳಿಗ್ಗೆ ನಲವತ್ತೈದು ತಿಂಡಿ.’

ಸೋಮವಾರ ಒಂಬತ್ತಕ್ಕೆ ಸುತ್ತಿಗೆ ಹಿಡಿದರು, ಹತ್ತಕ್ಕೆ ಕಾಲು ಕೂತಿತು, ಹತ್ತೂವರೆಗೆ ಅತ್ತೆ ಕೂತರು. ಕುರ್ಚಿ ಕದಲಲಿಲ್ಲ. ಮೇಜಿನ ಮೇಲೆ ನಲವತ್ತೈದು ತಿಂಡಿಯ ಪೊಟ್ಟಣಗಳು ಒಂಬತ್ತು ಐದರ ಸಾಲಿನಲ್ಲಿ ಅಚ್ಚುಕಟ್ಟಾಗಿ ಕೂತಿದ್ದವು. ಕರೆಗಂಟೆ ಬಾರಿಸಲೇ ಇಲ್ಲ. ಹನ್ನೊಂದು ಗಂಟೆಗೆ ಹೆಂಡತಿ ಫ್ರಿಜ್ಜಿನಲ್ಲಿ ಜಾಗ ಮಾಡತೊಡಗಿದಳು.

ಅತ್ತೆ ಹೊಸ ಕಾಲಿನ ಕುರ್ಚಿಗೆ ಆರಾಮವಾಗಿ ಒರಗಿ, ಒಂದು ಪೊಟ್ಟಣ ಬಿಚ್ಚಿ ಅಳಿಯನ ಕಡೆ ಸರಿಸಿದರು.

“ಪಾಪ, ಅವರಿಗೆ ಏನೇನು ಕೆಲಸವೋ,” ಎಂದರು. “ನೀವು ತಿನ್ನಿ ಅಳಿಯಂದಿರೇ. ಗುರುವಾರದ ತನಕ ಇದೆ.”